ಕೌನ್ಸೆಲರ್ ಹತ್ತಿರ ಕಳಿಸಿದರೆ ಟಿಸಿಯಲ್ಲಿ ಬರೀತಾರಾ?

ಪ್ರಶ್ನೆ: ಎಂಟನೇ ಕ್ಲಾಸಿನ ಮಗಳು ಸ್ವಲ್ಪ ದಿನದಿಂದ ಮಂಕಾಗಿದ್ದಾಳೆ. ಶಾಲೆಯ ಕೌನ್ಸೆಲರ್‌ಗೆ ತೋರಿಸಿ ಅಂತಾರೆ ಟೀಚರ್. ತೋರಿಸಿದರೆ ಟಿಸಿಯಲ್ಲಿ ಬರೆಯುತ್ತಾರಂತೆ, ನಿಜವೇ?

ಉತ್ತರ: ಇಲ್ಲ. ಹೋದ ವರ್ಷವೂ ಇಲ್ಲ ಎಂದೇ ಬರೆದಿದ್ದೆ, ಅದರ ಹಿಂದಿನ ವರ್ಷವೂ.

ಬೀರುವಿನಲ್ಲಿರುವ ನಿಮ್ಮದೇ ಹಳೆಯ ಟಿಸಿ ತೆಗೆದು ನೋಡಿ. ಹೆಸರು, ಹುಟ್ಟಿದ ತಾರೀಖು, ಜಾತಿ, ಓದುತ್ತಿದ್ದ ತರಗತಿ, ಫೀಸು ಬಾಕಿ, ನಡತೆ. ಕೌನ್ಸೆಲಿಂಗ್ ಎಂಬ ಕಾಲಂ ಎಲ್ಲಿದೆ? ‘ವೈದ್ಯಕೀಯ ತಪಾಸಣೆ ಆಗಿದೆಯೇ’ ಎಂಬ ಸಾಲನ್ನು ತೋರಿಸಿ ವಾದಿಸುವವರಿದ್ದಾರೆ. ಅದು ಶಾಲೆಗೆ ಡಾಕ್ಟರು ಬಂದು ಕಣ್ಣು, ಹಲ್ಲು, ತೂಕ ನೋಡಿ ಹೋಗುತ್ತಾರಲ್ಲ, ಅದಕ್ಕೆ. ‘ನಡತೆ’ಯ ಮುಂದೆ ‘ಉತ್ತಮ’ ಎಂದೋ ‘ತೃಪ್ತಿಕರ’ ಎಂದೋ ಗೀಚುವುದು ರೂಢಿ. ತರಗತಿಯಲ್ಲಿ ಬೆಂಚು ಮುರಿದವನಿಗೂ ಅದೇ. ಶಾಲಾ ಮಕ್ಕಳ ವಿವರ ಇಡುವ ಸರ್ಕಾರದ ಆನ್‌ಲೈನ್ ದಾಖಲೆ ಸ್ಯಾಟ್ಸ್‌ನಲ್ಲಿ ಹಾಕುತ್ತಾರೆ ಎಂಬುದು ಈ ಗಾಳಿಮಾತಿನ ಈಚಿನ ಆವೃತ್ತಿ. ಅಲ್ಲಿ ಅಂಗವೈಕಲ್ಯದ ವಿವರಕ್ಕೆ ಜಾಗ ಇದೆ, ಕೌನ್ಸೆಲರ್ ಜೊತೆ ಅರ್ಧ ಗಂಟೆ ಕೂತು ಮಾತಾಡಿದ್ದಕ್ಕೆ ಇಲ್ಲ.

ಈ ಭಯ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ‘ಟಿಸಿ ಕೊಟ್ಟು ಕಳಿಸ್ತೀನಿ’ ಎಂದು ಹೆಡ್‌ಮಾಸ್ಟರು ಗದರಿಸಿದ್ದನ್ನು ಕೇಳಿಕೊಂಡೇ ಬೆಳೆದವರು ನಾವು. ತರಗತಿಯಿಂದ ಹೊರಗೆ ಕರೆಸಿದರು ಅಂದರೆ ತಪ್ಪು ಮಾಡಿದೆ ಎಂದೇ ಅರ್ಥ. ಈಗ ಆಫೀಸ್ ರೂಮಿನ ಪಕ್ಕದಲ್ಲೇ ಕೌನ್ಸೆಲರ್‌ಗೂ ಒಂದು ಕುರ್ಚಿ ಹಾಕಿದ್ದಾರೆ. ಹೆದರದೆ ಇನ್ನೇನು?

ಮಗು ಹೇಳಿದ್ದನ್ನು ಕೌನ್ಸೆಲರ್ ಸ್ಟಾಫ್ ರೂಮಿನಲ್ಲಿ ಹಂಚುವಂತಿಲ್ಲ. ಮಗು ತನಗೆ ತಾನೇ ಅಪಾಯ ಮಾಡಿಕೊಳ್ಳುವ ಸೂಚನೆ ಇದ್ದರೆ ಮಾತ್ರ ಗುಟ್ಟಾಗಿಡುವುದಿಲ್ಲ, ನಿಮಗೆ ಹೇಳಲೇಬೇಕು. ಲೈಂಗಿಕ ದೌರ್ಜನ್ಯದ ವಿಷಯ ಗೊತ್ತಾದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸದೇ ಇರುವುದೇ ಅಪರಾಧ. ಉಳಿದಂತೆ ‘ಒಳಗೆ ಏನು ಹೇಳಿದೆ’ ಅಂತ ಮನೆಯಲ್ಲಿ ಪಾಟೀಸವಾಲು ಹಾಕಬೇಡಿ. ಮುಂದಿನ ಸಲ ಅವಳು ಅಲ್ಲೂ ಬಾಯಿ ಬಿಡುವುದಿಲ್ಲ.

ನಿಮ್ಮ ಶಾಲೆಯಲ್ಲಿ ಕೌನ್ಸೆಲರ್ ಇರುವುದೇ ಪುಣ್ಯ. ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ಆ ಕೆಲಸವೂ ಮೇಷ್ಟ್ರ ತಲೆಗೇ, ಬಿಸಿಯೂಟದ ಲೆಕ್ಕದ ಜೊತೆಗೆ. ಅಂಥ ಕಡೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಫೋನ್ ಮಾಡಿ. 2022ರಲ್ಲಿ ಶುರುವಾದ ಸೇವೆ; ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿರುತ್ತಾರೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಪ್ರತ್ಯೇಕ ವಿಭಾಗ ಇದೆ.

ನೀವು ಕೇಳಲಿಲ್ಲ, ಆದರೂ ದಾಖಲೆಯ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ಕಾಗದವೇ ಮಗುವನ್ನು ಕಾಯುವ ಸಂದರ್ಭವೂ ಇದೆ. ಬಾಯಲ್ಲಿ ಪಟಪಟ ಉತ್ತರ ಹೇಳುವ ಹುಡುಗ ಬರೆಯಲು ಕೂತರೆ ಅಕ್ಷರ ಅದಲು ಬದಲು ಮಾಡುತ್ತಾನೆ, ‘ಸೋಮಾರಿ’ ಅಂತ ದಿನಾ ಬೈಸಿಕೊಳ್ಳುತ್ತಾನೆ, ಆಮೇಲೆ ಸ್ಕೂಲಿಗೇ ಹೋಗಲ್ಲ ಅಂತ ಹಟ ಹಿಡಿಯುತ್ತಾನೆ. ಮನಸ್ಸಿನ ತೊಂದರೆ ಅಂತ ಬಂದ ಎಷ್ಟೋ ಮಕ್ಕಳಿಗೆ ಮೊದಲು ಇದ್ದದ್ದು ಕಲಿಕೆಯ ತೊಂದರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ. ಪ್ರಮಾಣಪತ್ರ ಇದ್ದರೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು ಕೇಳಬಹುದು. ತೊಂದರೆಯನ್ನು ಬಚ್ಚಿಟ್ಟು, ಹಾಲ್ ಟಿಕೆಟ್ ಕೈಗೆ ಬಂದ ಮೇಲೆ ‘ಈಗ ಏನಾದರೂ ಮಾಡಿ ಮೇಡಂ’ ಅಂತ ಬರಬೇಡಿ. ತಪಾಸಣೆಗೆ ದಿನ ಹಿಡಿಯುತ್ತದೆ, ಪ್ರಮಾಣಪತ್ರಕ್ಕೆ ಇನ್ನಷ್ಟು. ಎಂಟನೇ ಕ್ಲಾಸಿನಲ್ಲೇ ಶುರುಮಾಡಿ.