ಸೆಡಾನ್ ಒಳಗೆ ಕೂತು ಏನನ್ನು ನೋಡಬೇಕು?

ಕಾರು ಕೊಳ್ಳಲು ಹೋದವರು ಒಳಗೆ ಕೂತ ತಕ್ಷಣ ಡ್ಯಾಶ್‌ಬೋರ್ಡನ್ನು ಬೆರಳಲ್ಲಿ ಒತ್ತಿ ನೋಡುತ್ತಾರೆ. ಮೆತ್ತಗಿದ್ದರೆ ಒಳ್ಳೆ ಕಾರು, ಗಟ್ಟಿ ಇದ್ದರೆ ಅಗ್ಗದ ಕಾರು ಅನ್ನುವ ಲೆಕ್ಕ. ಇದು ಕಂಪನಿಗಳಿಗೂ ಚೆನ್ನಾಗಿ ಗೊತ್ತು. ಅದಕ್ಕೇ ಮಧ್ಯಮ ಗಾತ್ರದ ಸೆಡಾನ್‌ಗಳಲ್ಲಿ ಸುಲಭವಾಗಿ ಕೈಗೆ ಸಿಗುವ ಕಡೆ ಮೆತ್ತನೆಯ ಹೊದಿಕೆ ಇರುತ್ತದೆ, ಮೊಣಕಾಲಿನಿಂದ ಕೆಳಗೆ ಗಟ್ಟಿ ಪ್ಲಾಸ್ಟಿಕ್. ಇದನ್ನು ಮೋಸ ಅನ್ನಲು ನನಗೆ ಮನಸ್ಸಿಲ್ಲ. ಕೆಳಗಡೆ ಶೂ ತಾಗುತ್ತದೆ, ಚೀಲ ಉಜ್ಜುತ್ತದೆ. ಅಲ್ಲಿಗೆ ಗಟ್ಟಿ ಪ್ಲಾಸ್ಟಿಕ್ಕೇ ಸರಿ. ಆದರೆ ಬೆರಳಿಗೆ ಗೊತ್ತಾಗುವುದು ಕಾರು ಇವತ್ತು ಹೇಗಿದೆ ಅನ್ನುವುದು ಮಾತ್ರ. ಮನೆಮಂದಿಯೆಲ್ಲ ವರ್ಷಗಟ್ಟಲೆ ಓಡಾಡುವ ಕಾರಿನ ಒಳಭಾಗ ಹೇಗಿದೆ ಅಂತ ತೀರ್ಮಾನ ಮಾಡುವುದು ಬಿಸಿಲು, ಕುಲುಕಾಟ ಮತ್ತು ದೂರದ ಪ್ರಯಾಣ.

ಗಾತ್ರದ ವಿಷಯ ಬೇಗ ಮುಗಿಸಿಬಿಡೋಣ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಕಾರಿನ ವರ್ಗವನ್ನು ಉದ್ದ ನೋಡಿ ಹೇಳುವುದಿಲ್ಲ, ಒಳಗಿನ ಜಾಗ ನೋಡಿ ಹೇಳುತ್ತದೆ. ಕೂರುವ ಜಾಗ ಮತ್ತು ಡಿಕ್ಕಿ ಸೇರಿ 110 ಘನ ಅಡಿ ದಾಟಿ 120ರೊಳಗೆ ಇದ್ದರೆ ಅದು ಮಧ್ಯಮ ಗಾತ್ರ. 2018ರ ಹೋಂಡಾ ಅಕಾರ್ಡ್ ಈ ಗೆರೆಯನ್ನೂ ದಾಟಿ ದೊಡ್ಡ ಕಾರುಗಳ ಸಾಲಿಗೆ ಸೇರಿತ್ತು. ಮಧ್ಯಮ ಗಾತ್ರದ ಕಾರುಗಳಲ್ಲಿ ಜಾಗಕ್ಕೆ ಅಷ್ಟೇನೂ ಬರವಿಲ್ಲ. ವ್ಯತ್ಯಾಸ ಇರುವುದು ಆ ಜಾಗವನ್ನು ಏನು ಹಾಕಿ ಕಟ್ಟಿದ್ದಾರೆ ಅನ್ನುವುದರಲ್ಲಿ.

ಮೆತ್ತನೆಯ ಡ್ಯಾಶ್‌ಬೋರ್ಡಿನಲ್ಲಿ ಸಾಮಾನ್ಯವಾಗಿ ಮೂರು ಪದರ ಇರುತ್ತವೆ. ಕೆಳಗೆ ಗಟ್ಟಿ ಚೌಕಟ್ಟು, ನಡುವೆ ಪಾಲಿಯುರೆಥೇನ್ ಫೋಮ್, ಮೇಲೆ ಸುಮಾರು ಒಂದು ಮಿಲಿಮೀಟರ್ ದಪ್ಪದ ಹೊದಿಕೆ. ಈ ಹೊದಿಕೆ ಮಾಡುವ ಒಂದು ವಿಧಾನ ನನಗೆ ತುಂಬಾ ಇಷ್ಟ. ಕಾದ ನಿಕ್ಕಲ್ ಅಚ್ಚಿನೊಳಗೆ ಪಿವಿಸಿ ಪುಡಿ ತುಂಬಿ ಅಚ್ಚನ್ನೇ ತಿರುಗಿಸುತ್ತಾರೆ. ಬಿಸಿ ತಾಗಿದ ಪುಡಿ ಕರಗಿ ಗೋಡೆಗೆ ಅಂಟಿಕೊಳ್ಳುತ್ತದೆ, ಮಿಕ್ಕಿದ್ದು ಹೊರಗೆ ಬೀಳುತ್ತದೆ. ತಣಿದ ಮೇಲೆ ಹೊದಿಕೆಯನ್ನು ಸುಲಿದು ತೆಗೆಯುತ್ತಾರೆ. ಆ ಅಚ್ಚನ್ನು ಮಾಡುವುದು ಮೂಲ ಮಾದರಿಯ ಮೇಲೆ ವಿದ್ಯುತ್ತಿನ ಸಹಾಯದಿಂದ ನಿಕ್ಕಲ್ ಕೂರಿಸಿ. ಹಾಗಾಗಿ ಚರ್ಮದ ಸಣ್ಣ ಸುಕ್ಕು, ಹೊಲಿಗೆಯ ನೂಲಿನ ತಿರುವು ಕೂಡ ಹಾಗೇ ಮೂಡುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಹೊಲಿಗೆ ಕಂಡರೆ ಉಗುರಿನಿಂದ ಮೀಟಿ ನೋಡಿ. ನೂಲು ಅಲ್ಲಾಡದಿದ್ದರೆ ಅದು ಅಚ್ಚಿನಲ್ಲಿ ಬಂದ ಹೊಲಿಗೆ.

ಪಕ್ಕದ ಸೀಟಿನ ಎದುರು ಏರ್‌ಬ್ಯಾಗ್ ಇರುತ್ತದೆ, ಆದರೆ ಈಗಿನ ಬಹಳ ಕಾರುಗಳಲ್ಲಿ ಅದರ ಮುಚ್ಚಳದ ಗೆರೆಯೇ ಕಾಣುವುದಿಲ್ಲ, ಅಲ್ವಾ? ಹೊದಿಕೆಯನ್ನು ಹಿಂಭಾಗದಿಂದ ಲೇಸರ್‌ನಲ್ಲಿ ಕೊರೆದು ತೆಳು ಮಾಡಿರುತ್ತಾರೆ. ಮುಂದಿನಿಂದ ನೋಡಿದರೆ ಮೈ ಅಖಂಡ. ಏರ್‌ಬ್ಯಾಗ್ ಉಬ್ಬಿದಾಗ ಸರಿಯಾಗಿ ಅದೇ ಗೆರೆಯಲ್ಲಿ ಹರಿಯಬೇಕು, ಅದಕ್ಕೆ ಮೊದಲು ಎಷ್ಟೇ ವರ್ಷ ಕಳೆದರೂ ಬಿರುಕು ಬಿಡಬಾರದು.

ಇನ್ನು ಬಿಸಿಲು. 2018ರಲ್ಲಿ ಅಮೆರಿಕದ ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯವರು ಪ್ರಕಟಿಸಿದ ಅಧ್ಯಯನವೊಂದಿದೆ. ಅವರು ಬಿಸಿಲಲ್ಲಿ ನಿಲ್ಲಿಸಿ ಅಳೆದ ಕಾರುಗಳಲ್ಲಿ ಮಧ್ಯಮ ಗಾತ್ರದ ಸೆಡಾನ್‌ಗಳೂ ಇದ್ದವು. ಒಂದು ಗಂಟೆಯಲ್ಲಿ ಡ್ಯಾಶ್‌ಬೋರ್ಡ್ ಸರಾಸರಿ 69 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಸ್ಟೇರಿಂಗ್ 53, ಸೀಟು 51.

ಬಿಸಿಯಾದ ಪ್ಲಾಸ್ಟಿಕ್ ಹಿಗ್ಗುತ್ತದೆ. ಒಂದು ಮೀಟರ್ ಉದ್ದದ ಸಾದಾ ಪಾಲಿಪ್ರೊಪಿಲೀನ್ ಅನ್ನುವ ಪ್ಲಾಸ್ಟಿಕ್ಕಿನ ಪಟ್ಟಿ 50 ಡಿಗ್ರಿ ಜಾಸ್ತಿ ಕಾದರೆ ಸುಮಾರು 5 ಮಿಲಿಮೀಟರ್ ಬೆಳೆಯುತ್ತದೆ. ಅಷ್ಟೇ ಉದ್ದದ ಉಕ್ಕು ಬೆಳೆಯುವುದು ಬರೀ 0.6 ಮಿಲಿಮೀಟರ್. ಡ್ಯಾಶ್‌ಬೋರ್ಡ್ ಪ್ಲಾಸ್ಟಿಕ್ಕಿನದು, ಅದನ್ನು ಹೊತ್ತ ಅಡ್ಡತೊಲೆ ಹೆಚ್ಚಾಗಿ ಲೋಹದ್ದು. ಎರಡನ್ನೂ ಬಿಗಿಯಾಗಿ ಕಟ್ಟಿಹಾಕಿದರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಅದಕ್ಕೆ ಟಾಲ್ಕ್ ಪುಡಿ ಬೆರೆಸಿ ಹಿಗ್ಗುವುದನ್ನು ಕಡಿಮೆ ಮಾಡುತ್ತಾರೆ, ಸ್ಕ್ರೂ ತೂತುಗಳನ್ನು ಉದ್ದುದ್ದ ಕೊರೆದು ಜರುಗಲು ಜಾಗ ಬಿಡುತ್ತಾರೆ. ಕಾರಿನೊಳಗಿನ ಸಂದುಗಳು ಈ ಲೆಕ್ಕದ ಫಲ. ಸಂದು ಸಣ್ಣಗಿದ್ದರೆ ಸಾಲದು, ಎಡಬಲ ಒಂದೇ ಸಮ ಇರಬೇಕು.

ಪ್ರತಿದಿನ ಹಿಗ್ಗಿ ಕುಗ್ಗಿದ ಭಾಗಗಳೇ ಮುಂದೆ ಸದ್ದು ಮಾಡುವುದು. ಒಂದಕ್ಕೊಂದು ಒರಗಿದ ಎರಡು ಪ್ಲಾಸ್ಟಿಕ್ ತುಂಡುಗಳು ಕುಲುಕಾಟಕ್ಕೆ ಅಂಟಿಕೊಳ್ಳುತ್ತವೆ, ಸರಕ್ಕನೆ ಜಾರುತ್ತವೆ, ಮತ್ತೆ ಅಂಟಿಕೊಳ್ಳುತ್ತವೆ. ಇದು ಸೆಕೆಂಡಿಗೆ ನೂರಾರು ಸಲ ಆದರೆ ಕಿರುಗುಟ್ಟುವ ಸದ್ದು. ಹಳೇ ಬಾಗಿಲು ಕಿರುಗುಟ್ಟುವುದಕ್ಕೂ ಇದೇ ಕಾರಣ. ಮದ್ದು ಸರಳ: ನಡುವೆ ಫೆಲ್ಟ್ (ನಾರು ಒತ್ತಿ ಮಾಡಿದ ದಪ್ಪ ಬಟ್ಟೆ) ಪಟ್ಟಿ, ವೈರುಗಳಿಗೆ ಬಟ್ಟೆ ಟೇಪು. ಹೊರಗೆ ಕಾಣದ ಈ ಖರ್ಚನ್ನು ಮಾಡಿದ ಕಂಪನಿ ನನಗೆ ಹೊಲಿಗೆ ತೋರಿಸುವ ಕಂಪನಿಗಿಂತ ಹೆಚ್ಚು. ಬಾಗಿಲಿನ ಹಿಡಿ, ಗೇರಿನ ಸುತ್ತಲಿನ ಭಾಗ, ಎಸಿ ಕಿಂಡಿ ಇವನ್ನು ಹಿಡಿದು ಸ್ವಲ್ಪ ತಿರುಚಿ ನೋಡಿ. ಸದ್ದು ಅಲ್ಲೇ ಗೊತ್ತಾಗುತ್ತದೆ. ಮತ್ತೆ, ಗಟ್ಟಿ ಪ್ಲಾಸ್ಟಿಕ್ಕಿಗೆ ಮೆತ್ತನೆ ಅನಿಸಲೆಂದು ಬರೀ ರಬ್ಬರಿನಂಥ ಬಣ್ಣ ಬಳಿದಿದ್ದರೆ ಹುಷಾರು. ಪಾಲಿಯುರೆಥೇನ್ ಲೇಪ ಬಿಸಿ ಮತ್ತು ತೇವಕ್ಕೆ ಸಿಕ್ಕಿ ವರ್ಷಗಳಾದ ಮೇಲೆ ಅಂಟಂಟಾಗಬಹುದು.

ಸೀಟಿನ ವಿಷಯದಲ್ಲೂ ಮೊದಲ ಅನುಭವ ನಂಬುವಂಥದ್ದಲ್ಲ. ತುಂಬಾ ಮೆತ್ತನೆಯ ಸೀಟಿನಲ್ಲಿ ದೇಹ ಕುಸಿಯುತ್ತದೆ, ಭಾರವೆಲ್ಲ ಕೂರುವ ಮೂಳೆಗಳ ಮೇಲೆ ಬೀಳುತ್ತದೆ. ಎರಡು ಗಂಟೆಯಾದ ಮೇಲೆ ಸೊಂಟ ಹೇಳುತ್ತದೆ. ಮೇಲೆ ಕೆಳಗೆ ಆಗುವ ಕುಲುಕಾಟದಲ್ಲಿ ನಮ್ಮ ದೇಹಕ್ಕೆ ಅತಿ ಹೆಚ್ಚು ತಟ್ಟುವುದು ಸೆಕೆಂಡಿಗೆ 4ರಿಂದ 8 ಸಲದ್ದು. ಮನುಷ್ಯ ಕೂತ ಫೋಮ್ ಸೀಟು ತಾನೇ ಹೆಚ್ಚು ಕಂಪಿಸುವುದೂ ಸುಮಾರು 4ರ ಹತ್ತಿರ. ಹಾಗಾಗಿ ಫೋಮಿನ ಸಾಂದ್ರತೆ ಆರಿಸುವುದು ಸಣ್ಣ ಕೆಲಸವಲ್ಲ. 2013ರ ನಿಸಾನ್ ಅಲ್ಟಿಮಾ ಬೇರೆ ದಾರಿ ಹಿಡಿಯಿತು. ಅಮೆರಿಕದ ಹಳೆಯ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್‌ನಲ್ಲಿದ್ದ ಗಗನಯಾತ್ರಿಗಳ ದೇಹ ತೂಕವಿಲ್ಲದೆ ತಾನಾಗಿ ಯಾವ ಭಂಗಿಗೆ ಬರುತ್ತದೆ ಅಂತ ನಾಸಾ ದಾಖಲಿಸಿತ್ತು. ಮುಂಡ ಮತ್ತು ತೊಡೆಯ ನಡುವೆ ಸುಮಾರು 128 ಡಿಗ್ರಿ. ನಿಸಾನ್ ಆ ಸಂಶೋಧನೆಯನ್ನು ಆಧಾರವಾಗಿಟ್ಟು ಮುಂದಿನ ಸೀಟು ಮಾಡಿತು. ಹಿಂದಿನ ಸೀಟಿನಲ್ಲಿ ಕೂತಾಗ ತೊಡೆಗೆ ಆಸರೆ ಇದೆಯಾ ನೋಡಿ. ಛಾವಣಿ ಹಿಂದಕ್ಕೆ ಇಳಿಜಾರಾದ ಕಾರುಗಳಲ್ಲಿ ತಲೆಗೆ ಜಾಗ ಮಾಡಲು ಸೀಟನ್ನು ತಗ್ಗಿಸುತ್ತಾರೆ, ಆಗ ಮೊಣಕಾಲು ಮೇಲೆದ್ದು ತೊಡೆ ಗಾಳಿಯಲ್ಲಿ ಉಳಿಯುತ್ತದೆ.

ಕೊನೆಗೆ ಸ್ಕ್ರೀನು. ದೊಡ್ಡ ಸ್ಕ್ರೀನ್ ನೋಡಲು ಚೆಂದ, ಆದರೆ ಬೆರಳಿಗೆ ದಾರಿ ತೋರುವುದಿಲ್ಲ. ಸ್ವೀಡನ್ನಿನ ವಿ ಬಿಲೇಗರೆ ಪತ್ರಿಕೆ 2022ರಲ್ಲಿ ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಕಾರು ಓಡಿಸಿ ನಾಲ್ಕು ಕೆಲಸ ಮಾಡಿಸಿತು. ರೇಡಿಯೊ ಹಾಕುವುದು, ಬಿಸಿ ಹೆಚ್ಚಿಸುವುದು, ಇಂಥವು. ಬರೀ ಬಟನ್ ಇದ್ದ 2005ರ ವೋಲ್ವೊದಲ್ಲಿ 10 ಸೆಕೆಂಡಿಗೆ ಮುಗಿಯಿತು, ಅಷ್ಟರಲ್ಲಿ ಕಾರು 306 ಮೀಟರ್ ಸಾಗಿತ್ತು. ಅತಿ ನಿಧಾನದ ಹೊಸ ಕಾರಿಗೆ 44.6 ಸೆಕೆಂಡ್ ಬೇಕಾಯಿತು, ಅಂದರೆ ಹತ್ತಿರ ಹತ್ತಿರ 1.4 ಕಿಲೋಮೀಟರ್. 2023ರ ಅಕಾರ್ಡ್ ಎಸಿಗೆ ಗುಂಡನೆಯ ನಾಬ್‌ಗಳನ್ನು ಉಳಿಸಿಕೊಂಡಿದ್ದು ನನಗೆ ಅದಕ್ಕೇ ಹಿಡಿಸಿತು. ಯುರೋಪಿನಲ್ಲಿ ಕಾರುಗಳ ಸುರಕ್ಷತೆ ಪರೀಕ್ಷಿಸಿ ಸ್ಟಾರ್ ಕೊಡುವ ಸಂಸ್ಥೆ ಯೂರೋ ಎನ್‌ಕ್ಯಾಪ್ 2026ರಿಂದ ಅಂಕ ಕೊಡುವಾಗ ಇಂಡಿಕೇಟರ್, ಹಜಾರ್ಡ್ ಲೈಟ್, ಹಾರ್ನ್, ವೈಪರ್, ತುರ್ತು ಕರೆ ಇವಕ್ಕೆ ಪ್ರತ್ಯೇಕ ಬಟನ್ ಅಥವಾ ಲಿವರ್ ಇದೆಯಾ ಅಂತ ನೋಡುತ್ತದೆ. ಈ ಐದರಲ್ಲಿ ಎಸಿ ಇಲ್ಲ. ಅದು ಕಣ್ಣು ರಸ್ತೆ ಬಿಡದೆ ಕೈಗೆ ಸಿಗುತ್ತದಾ ಅನ್ನುವುದನ್ನು ಕೊಳ್ಳುವವರೇ ಸೀಟಿನಲ್ಲಿ ಕೂತು ನೋಡಿಕೊಳ್ಳಬೇಕು.