104 ಅಲ್ಲ, ಮೈನಸ್ 142: ಪೆಂಟಗನ್ ಗುತ್ತಿಗೆದಾರರ ಸೈಬರ್ ಪರೀಕ್ಷೆ ಬೆಳೆದು ಬಂದ ದಾರಿ

ಅಮೆರಿಕದ ಮಸಾಚುಸೆಟ್ಸ್‌ನ ಮೋರ್ಸ್‌ಕಾರ್ಪ್ ಎಂಬ ರಕ್ಷಣಾ ಗುತ್ತಿಗೆ ಸಂಸ್ಥೆ 2021ರ ಜನವರಿಯಲ್ಲಿ ತನ್ನ ಸೈಬರ್ ಭದ್ರತೆಗೆ ತಾನೇ 104 ಅಂಕ ಕೊಟ್ಟುಕೊಂಡು ರಕ್ಷಣಾ ಇಲಾಖೆಗೆ ತಿಳಿಸಿತು. ಪೂರ್ಣಾಂಕ 110. ಮರುವರ್ಷ ಜುಲೈನಲ್ಲಿ ಹೊರಗಿನ ಸಲಹೆಗಾರರು ಲೆಕ್ಕ ಹಾಕಿದಾಗ ಬಂದದ್ದು ಮೈನಸ್ 142. ತಿದ್ದಿದ ಅಂಕ ಇಲಾಖೆಗೆ ತಲುಪಿದ್ದು 2023ರ ಜೂನ್‌ನಲ್ಲಿ, ಅದೂ ಸರ್ಕಾರದ ಸಮನ್ಸ್ ಬಂದ ಮೂರು ತಿಂಗಳಿಗೆ. 2025ರಲ್ಲಿ ಕಂಪನಿ 46 ಲಕ್ಷ ಡಾಲರ್ ಕಟ್ಟಿ ಪ್ರಕರಣ ಇತ್ಯರ್ಥ ಮಾಡಿಕೊಂಡಿತು.

ಇಷ್ಟು ದೊಡ್ಡ ಅಂತರಕ್ಕೆ ಜಾಗ ಮಾಡಿಕೊಟ್ಟದ್ದು ನಿಯಮವೇ. ವಿದ್ಯಾರ್ಥಿಯೇ ತನ್ನ ಉತ್ತರಪತ್ರಿಕೆ ತಿದ್ದಿ ಅಂಕ ಬರೆದುಕೊಳ್ಳುವ ಏರ್ಪಾಡು ಅದು. ಈಗ ಎಲ್ಲರ ಬಾಯಲ್ಲಿರುವ ಸಿಎಂಎಂಸಿ, ಅಂದರೆ ರಕ್ಷಣಾ ಗುತ್ತಿಗೆದಾರರ ಸೈಬರ್ ಭದ್ರತೆಯನ್ನು ದೃಢಪಡಿಸುವ ಪ್ರಮಾಣಪತ್ರ, ಹೊಸ ಭದ್ರತಾ ಪಾಠವನ್ನೇನೂ ತಂದಿಲ್ಲ. ಪಾಠ ಹಳೆಯದೇ, ತಿದ್ದುವವರು ಬದಲಾಗುತ್ತಿದ್ದಾರೆ.

ಶುರುವಾದದ್ದು 2010ರ ನವೆಂಬರ್‌ನಲ್ಲಿ. ಅಧ್ಯಕ್ಷ ಒಬಾಮ ಹೊರಡಿಸಿದ 13556ನೇ ಆದೇಶ ಸಿಯುಐ ಎಂಬ ವರ್ಗವನ್ನು ಹುಟ್ಟುಹಾಕಿತು: 'ರಹಸ್ಯ' ಮುದ್ರೆ ಬೀಳದ, ಆದರೂ ಕಂಡಕಂಡವರ ಕೈಗೆ ಸಿಗಬಾರದ ಸರ್ಕಾರಿ ಮಾಹಿತಿ. ವಿಮಾನದ ಬಿಡಿಭಾಗದ ನಕ್ಷೆ, ಪರೀಕ್ಷಾ ವರದಿ, ತಾಂತ್ರಿಕ ಕೈಪಿಡಿ ಇಂಥವು. ಇದನ್ನು ಕಾಪಾಡಲು ಬೇಕಾದ 110 ಅಗತ್ಯಗಳನ್ನು ಅಮೆರಿಕ ಸರ್ಕಾರದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿಯ 800-171 ಎಂಬ ದಾಖಲೆ ಪಟ್ಟಿ ಮಾಡಿತು. ಅದರ ಮೊದಲ ಆವೃತ್ತಿ ಬಂದದ್ದು 2015ರಲ್ಲಿ. ಡಿಫಾರ್ಸ್ 7012 ಎಂಬ ಗುತ್ತಿಗೆ ಷರತ್ತು, ಇವನ್ನು 2017ರ ಡಿಸೆಂಬರ್ 31ರೊಳಗೆ ಜಾರಿ ಮಾಡಿ, ದಾಳಿಯಾದರೆ 72 ಗಂಟೆಯೊಳಗೆ ತಿಳಿಸಿ ಎಂದಿತು. ಗುತ್ತಿಗೆಗೆ ಸಹಿ ಹಾಕಿದರೆ ಒಪ್ಪಿದಂತೆ. ಬಂದು ನೋಡುವವರು ಬಹುಮಟ್ಟಿಗೆ ಇರಲಿಲ್ಲ.

ಗಡುವು ಮುಗಿದ ಎರಡೇ ತಿಂಗಳಲ್ಲಿ ಪೆಟ್ಟು ಬಿತ್ತು. 2018ರ ಆರಂಭದಲ್ಲಿ ನೌಕಾಪಡೆಯ ಜಲಾಂತರ ಯುದ್ಧ ಕೇಂದ್ರಕ್ಕೆ ಕೆಲಸ ಮಾಡುತ್ತಿದ್ದ ಗುತ್ತಿಗೆದಾರರೊಬ್ಬರ ಜಾಲದಿಂದ ಚೀನಾದ ಹ್ಯಾಕರ್‌ಗಳು 614 ಗಿಗಾಬೈಟ್ ಮಾಹಿತಿ ಕದ್ದರೆಂದು ಆ ವರ್ಷದ ಜೂನ್‌ನಲ್ಲಿ ವರದಿಯಾಯಿತು. ಸೂಕ್ಷ್ಮ ಮಾಹಿತಿಯೆಲ್ಲ ಸಾಮಾನ್ಯ, ರಹಸ್ಯೇತರ ಜಾಲದಲ್ಲೇ ಕೂತಿತ್ತು.

2020ರ ಜನವರಿಯಲ್ಲಿ ಸಿಎಂಎಂಸಿ 1.0 ಬಂತು: ಐದು ಹಂತ, ಮೂರನೆಯದಕ್ಕೇ 130 ಭದ್ರತಾ ಅಭ್ಯಾಸ, ಒಂದೇ ಒಂದು ಬಾಕಿ ಉಳಿದರೂ ನಪಾಸು. ಸಣ್ಣ ಕಾರ್ಖಾನೆಗಳು ತಲೆಮೇಲೆ ಕೈಹೊತ್ತವು. 2021ರ ನವೆಂಬರ್‌ನಲ್ಲಿ 2.0 ಘೋಷಣೆಯಾಗಿ, ಹಂತಗಳು ಮೂರಕ್ಕೆ ಇಳಿದು, ಹೆಚ್ಚುವರಿ 20 ಅಭ್ಯಾಸ ಬಿದ್ದುಹೋದವು. ಆ ಮಧ್ಯೆ, 2020ರ ನವೆಂಬರ್ 30ರಿಂದ, ಸ್ವಂತ ಅಂಕವನ್ನು ಎಸ್‌ಪಿಆರ್‌ಎಸ್ ಎಂಬ ಸರ್ಕಾರಿ ದಾಖಲೆಗೆ ಏರಿಸುವುದು ಕಡ್ಡಾಯವಾಯಿತು. ಮೋರ್ಸ್‌ಕಾರ್ಪ್ ಬರೆದುಕೊಂಡ 104 ಇದೇ ಅಂಕ.

ಲೆಕ್ಕ ಹೀಗೆ. 110ರಿಂದ ಶುರುಮಾಡಿ, ಇಲ್ಲದ ಪ್ರತಿಯೊಂದು ಅಗತ್ಯಕ್ಕೂ ಅದರ ತೂಕದಂತೆ 5, 3 ಅಥವಾ 1 ಕಳೆಯುತ್ತ ಹೋಗಬೇಕು. ಏನೂ ಇಲ್ಲದಿದ್ದರೆ ಮೈನಸ್ 203. ಪಾಸ್‌ವರ್ಡಿನ ಜೊತೆ ಇನ್ನೊಂದು ಪುರಾವೆ ಕೇಳುವ ಬಹುಹಂತದ ದೃಢೀಕರಣ ಎಲ್ಲೂ ಇಲ್ಲದಿದ್ದರೆ 5 ಹೋಗುತ್ತದೆ. ಅಡ್ಮಿನ್‌ಗಳಿಗೂ ದೂರದಿಂದ ಲಾಗಿನ್ ಆಗುವವರಿಗೂ ಇದ್ದು ಉಳಿದವರಿಗೆ ಇಲ್ಲದಿದ್ದರೆ 3. ಭದ್ರತಾ ಯೋಜನೆಯ ದಾಖಲೆಯೇ ಇಲ್ಲದಿದ್ದರೆ ಅಂಕ ಹಾಕುವ ಮಾತೇ ಇಲ್ಲ.

ಹೆಚ್ಚಿನವರು ಎಡವುವುದು ಗೂಢಲಿಪೀಕರಣದಲ್ಲಿ. 'ನಮ್ಮಲ್ಲಿ ಎಇಎಸ್-256 ಗೂಢಲಿಪಿ ಇದೆ' ಎಂದರೆ ಸಾಲದು. ಆ ಕೆಲಸ ಮಾಡುವ ಸಾಫ್ಟ್‌ವೇರ್ ಮಾಡ್ಯೂಲ್‌ಗೆ ಫಿಪ್ಸ್ 140 ಎಂಬ ಸರ್ಕಾರಿ ಮಾನದಂಡದ ಮಾನ್ಯತೆಯ ಪ್ರಮಾಣಪತ್ರ ಸಂಖ್ಯೆ ಇರಬೇಕು, ಮಾನ್ಯವಾದ ವಿಧಾನದಲ್ಲೇ ಅದು ಓಡುತ್ತಿರಬೇಕು. ವಿಂಡೋಸ್‌ನಲ್ಲಿ ಫಿಪ್ಸ್ ಮೋಡ್ ಆನ್ ಮಾಡದೆ, ಡಿಸ್ಕನ್ನು ಗೂಢಲಿಪಿಗೊಳಿಸುವ ಬಿಟ್‌ಲಾಕರ್ ಹಾಕಿ ನಿಶ್ಚಿಂತರಾಗಿರುವವರು ಬಹಳ.

ಎರಡನೆಯ ಎಡವು ಗಡಿ ಗುರುತಿಸುವುದರಲ್ಲಿ. ನಕ್ಷೆ ಇಮೇಲ್‌ನಲ್ಲಿ ಬರುತ್ತದೆ, ವಿನ್ಯಾಸ ಮಾಡುವ ಕ್ಯಾಡ್ ಕಂಪ್ಯೂಟರಿಗೆ ಇಳಿಯುತ್ತದೆ, ಯುಎಸ್‌ಬಿ ಕಡ್ಡಿಯಲ್ಲಿ ಕಂಪ್ಯೂಟರ್ ನಿಯಂತ್ರಿತ ಸಿಎನ್‌ಸಿ ಯಂತ್ರಕ್ಕೆ ಹೋಗುತ್ತದೆ, ರಾತ್ರಿ ಬ್ಯಾಕಪ್ಪಿಗೂ ಸೇರುತ್ತದೆ. ಅದು ಮುಟ್ಟಿದ್ದೆಲ್ಲ ಪರೀಕ್ಷೆಯ ವ್ಯಾಪ್ತಿಗೆ ಬರುತ್ತದೆ. ಹಳೆಯ ವಿಂಡೋಸ್ ಓಡಿಸುವ ಸಿಎನ್‌ಸಿ ಯಂತ್ರಕ್ಕೆ ಸಿಎಂಎಂಸಿಯ ಎರಡನೇ ಹಂತದಲ್ಲಿ ರಿಯಾಯಿತಿ ಇದೆ: ಅದನ್ನು ಹೇಗೆ ನಿಭಾಯಿಸುತ್ತೀರೆಂದು ಭದ್ರತಾ ಯೋಜನೆಯಲ್ಲಿ ಬರೆದಿರಬೇಕು. ಇಮೇಲ್ ಮತ್ತು ಕ್ಲೌಡ್‌ಗೆ ಅಂಥ ರಿಯಾಯಿತಿ ಇಲ್ಲ. ಸಿಯುಐ ಇಡುವ ಕ್ಲೌಡ್ ಸೇವೆ ಫೆಡ್‌ರ್ಯಾಂಪ್ ಎಂಬ ಸರ್ಕಾರಿ ಕ್ಲೌಡ್ ಮಾನ್ಯತೆಯ ಮಾಡರೇಟ್ ಮಟ್ಟದ್ದೋ ಅದಕ್ಕೆ ಸಮನಾದದ್ದೋ ಆಗಿರಬೇಕು. ಸಿಯುಐಯನ್ನು ಹತ್ತು ಜನರ ಪ್ರತ್ಯೇಕ ಜಾಲಕ್ಕೆ ಕಟ್ಟಿಹಾಕಿದರೆ ಅರ್ಧ ಖರ್ಚು ಅಲ್ಲೇ ಉಳಿಯುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಈಗಿನ ನಿಯಮ 2024ರ ಡಿಸೆಂಬರ್ 16ರಂದು ಜಾರಿಗೆ ಬಂತು. ಗುತ್ತಿಗೆಗಳಲ್ಲಿ ಕಾಣಿಸಿಕೊಂಡದ್ದು 2025ರ ನವೆಂಬರ್ 10ರಿಂದ. ಮೊದಲ ಹಂತಕ್ಕೆ 15 ಮೂಲ ಅಗತ್ಯ, ವರ್ಷಕ್ಕೊಮ್ಮೆ ಸ್ವಯಂ ಪರಿಶೀಲನೆ. ಎರಡನೆಯದಕ್ಕೆ ಆ 110. ಕೆಲವೇ ಗುತ್ತಿಗೆಗಳಿಗೆ ಸ್ವಯಂ ಪರಿಶೀಲನೆ ಸಾಕು, ಉಳಿದವಕ್ಕೆ ಮೂರು ವರ್ಷಕ್ಕೊಮ್ಮೆ ಮಾನ್ಯತೆ ಪಡೆದ ಹೊರಗಿನ ಸಂಸ್ಥೆ ಬರುತ್ತದೆ. ಮೂರನೆಯದಕ್ಕೆ ಇನ್ನೂ 24 ಸೇರಿ, ಸರ್ಕಾರದ ತಂಡವೇ ಪರೀಕ್ಷಿಸುತ್ತದೆ. ಎರಡನೇ ಹಂತದ ಹೊರಗಿನ ಪರೀಕ್ಷೆ ವ್ಯಾಪಕವಾಗುವುದು 2026ರ ನವೆಂಬರ್ 10ರಿಂದ.

ಪರೀಕ್ಷಕರು ದಾಖಲೆ ಓದುತ್ತಾರೆ, ಸಿಬ್ಬಂದಿಯನ್ನು ಪ್ರಶ್ನಿಸುತ್ತಾರೆ, ವ್ಯವಸ್ಥೆಯನ್ನು ಓಡಿಸಿ ನೋಡುತ್ತಾರೆ. 110 ಅಗತ್ಯಗಳು 320 ಉದ್ದೇಶಗಳಾಗಿ ಒಡೆಯುತ್ತವೆ. ಒಂದು ಉದ್ದೇಶ ತಪ್ಪಿದರೂ ಆ ಇಡೀ ಅಗತ್ಯ ಇಲ್ಲವೆಂದೇ ಲೆಕ್ಕ. 88 ಅಂಕ ಬಂದರೆ ತಾತ್ಕಾಲಿಕ ಪಾಸು, ಬಾಕಿಯನ್ನು 180 ದಿನದಲ್ಲಿ ತೀರಿಸಬೇಕು. ಬಾಕಿ ಪಟ್ಟಿಗೆ 1 ಅಂಕದವಷ್ಟೇ ಸೇರಬಹುದು, ಅವುಗಳಲ್ಲೂ ಕೆಲವು ಹೊರಗೆ. ಒಂದೇ ವಿನಾಯಿತಿ: ಗೂಢಲಿಪೀಕರಣ ಇದ್ದು ಫಿಪ್ಸ್ ಮಾನ್ಯತೆ ಇಲ್ಲದ ಸಂದರ್ಭ. ಇಷ್ಟರ ಜೊತೆಗೆ, ಅಗತ್ಯಗಳನ್ನು ಪಾಲಿಸುತ್ತಿದ್ದೇವೆಂದು ಪ್ರತಿವರ್ಷ ಹಿರಿಯ ಅಧಿಕಾರಿಯೊಬ್ಬರು ಸಹಿ ಹಾಕಬೇಕು. ಅದು ಸುಳ್ಳಾದರೆ ಸುಳ್ಳು ಕ್ಲೇಮು ಕಾಯ್ದೆಯಡಿ ಮೊಕದ್ದಮೆ ಬರಬಹುದು.

ಅಮೆರಿಕದ ಹೊರಗಿನ ಉಪಗುತ್ತಿಗೆದಾರರಿಗೂ ಷರತ್ತು ಅನ್ವಯ. ಅಂಗಡಿಯಲ್ಲಿ ಸಿಗುವ ಸಿದ್ಧ ಸರಕಿಗೆ ಮಾತ್ರ ಇಲ್ಲ. ಬೋಯಿಂಗ್‌ನ ಚಿನೂಕ್ ಹೆಲಿಕಾಪ್ಟರಿಗೆ ಬೆಂಗಳೂರಿನಲ್ಲಿ ಭಾಗಗಳು ತಯಾರಾಗಿವೆ. ಇಂಥ ಕೆಲಸ ಹಿಡಿಯುವವರು ಮೊದಲು ಕೇಳಬೇಕಾದದ್ದು, ಕೈಗೆ ಬರುವ ನಕ್ಷೆ ಸಿಯುಐ ಹೌದೇ ಅಲ್ಲವೇ ಎಂದು, ಅದೂ ಬರವಣಿಗೆಯಲ್ಲಿ. ಅಮೆರಿಕದ ಗುತ್ತಿಗೆದಾರರ ಜಾಲವನ್ನು ಇಲ್ಲಿಂದಲೇ ನಿರ್ವಹಿಸುವ ಐಟಿ ಕಂಪನಿಗಳ ಪಾಡು ಇನ್ನೂ ಬಿಗಿ. ಅಡ್ಮಿನ್ ಪಾಸ್‌ವರ್ಡಿನಿಂದ ರಫ್ತು ನಿಯಂತ್ರಣದ ನಕ್ಷೆಯನ್ನು ಬೆಂಗಳೂರಿನಲ್ಲಿ ತೆರೆದು ನೋಡಿದರೆ ಅದು ರಫ್ತು ಮಾಡಿದಂತೆಯೇ, ಅದಕ್ಕೆ ಬೇರೆ ಪರವಾನಗಿ ಬೇಕು.