ತೆಂಗಿನ ಸೊರಗಿನಿಂದ ಮೀಥೇನ್ ಸೋರಿಕೆಯವರೆಗೆ

ಕೇರಳದ ಕಾಯಂಕುಳಂ ಕಡೆಯ ತೆಂಗಿಗೆ ಸೊರಗು ರೋಗ ಹಿಡಿದಿತ್ತು. 1970ರ ಆಸುಪಾಸಿನಲ್ಲಿ ವಿಜ್ಞಾನಿ ಪಿ.ಆರ್. ಪಿಶಾರಟಿಯವರ ತಂಡ ಹೆಲಿಕಾಪ್ಟರ್ ಹತ್ತಿ, ಇನ್‌ಫ್ರಾರೆಡ್ ಫಿಲ್ಮ್ ತುಂಬಿದ ಕ್ಯಾಮೆರಾದಲ್ಲಿ ಆ ತೋಟಗಳ ಚಿತ್ರ ತೆಗೆಯಿತು. ಆರೋಗ್ಯವಾಗಿರುವ ಎಲೆ ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ (ಅವಕೆಂಪು) ಬೆಳಕನ್ನು ಧಾರಾಳವಾಗಿ ಹಿಂದಕ್ಕೆ ಚೆಲ್ಲುತ್ತದೆ. ಸೊರಗಿದಾಗ ಅದು ಕುಗ್ಗುತ್ತದೆ. ಭಾರತದ ದೂರಸಂವೇದನೆ, ಅಂದರೆ ಮೇಲಿನಿಂದಲೇ ನೆಲವನ್ನು ಅರಿಯುವ ವಿದ್ಯೆ, ಕಣ್ಣು ಬಿಟ್ಟದ್ದು ಈ ತೆಂಗಿನ ತೋಪುಗಳ ಮೇಲೆಯೇ.

1972ರಲ್ಲಿ ಹಾರಿದ, ನೆಲವನ್ನು ನೋಡುವ ಅಮೆರಿಕದ ಉಪಗ್ರಹ ಮೊದಲ ಲ್ಯಾಂಡ್‌ಸ್ಯಾಟ್‌ನ ಮುಖ್ಯ ಉಪಕರಣ ಬೆಳಕನ್ನು ನಾಲ್ಕೇ ಹೋಳು ಮಾಡುತ್ತಿತ್ತು. ಕಾಡು ಯಾವುದು, ಹೊಲ ಯಾವುದು ಎನ್ನಲು ಅಷ್ಟು ಸಾಕು. ಮಣ್ಣಿನಲ್ಲಿರುವ ಖನಿಜ ಯಾವುದೆಂದು ಹೇಳಲು ಸಾಲದು. ಅದಕ್ಕೆ ಬೆಳಕನ್ನು ನೂರಾರು ತೆಳು ಎಳೆಗಳಾಗಿ ಸೀಳಬೇಕು. ಹೈಪರ್‌ಸ್ಪೆಕ್ಟ್ರಲ್ ಎಂದರೆ ಇಷ್ಟೇ. ಆದರೆ ಎಳೆ ತೆಳುವಾದಷ್ಟೂ ಅದರ ಪಾಲಿನ ಬೆಳಕೂ ಕಡಿಮೆ. ನಾಸಾ 1987ರಲ್ಲಿ 224 ಎಳೆಗಳ ಅವಿರಿಸ್ ಉಪಕರಣವನ್ನು ವಿಮಾನದಲ್ಲಿ ಹಾರಿಸಿತು. 1997ರಲ್ಲಿ 384 ಎಳೆಗಳ ಕ್ಯಾಮೆರಾ ಹೊತ್ತ ಲೂಯಿಸ್ ಉಪಗ್ರಹ ಕೆಲವೇ ದಿನಗಳಲ್ಲಿ ಹತೋಟಿ ತಪ್ಪಿ, ತಿಂಗಳೊಪ್ಪತ್ತಿನಲ್ಲಿ ಉರಿದುಹೋಯಿತು. 2000ದಲ್ಲಿ ಉಪಗ್ರಹವೇರಿದ ನಾಸಾದ ಹೈಪೀರಿಯನ್ ಉಪಕರಣದ್ದು ಬೇರೆ ಕತೆ: ವರ್ಷದ ಮಟ್ಟಿಗೆಂದು ಹೋದದ್ದು 2017ರವರೆಗೆ ದುಡಿಯಿತು. ಇಸ್ರೋದ ಹೈಪರ್‌ಸ್ಪೆಕ್ಟ್ರಲ್ ಉಪಗ್ರಹ ಹೈಸಿಸ್ ಕಕ್ಷೆ ಸೇರಿದ್ದು 2018ರ ನವೆಂಬರ್‌ನಲ್ಲಿ.

ಶಾಖದ ಚಿತ್ರ ಮಾತ್ರ ಮಲಮಗುವಿನಂತೆ ಬೆಳೆಯಿತು. ಅಲ್ಲಿ ಅಳೆಯುವುದು ಸೂರ್ಯನ ಬೆಳಕನ್ನಲ್ಲ, ನೆಲ ತಾನೇ ಸೂಸುವ ಕಾವನ್ನು. ಆ ಸಂಕೇತ ದುರ್ಬಲ. ಸಾಮಾನ್ಯವಾಗಿ ಉಪಕರಣವನ್ನೂ ತಣ್ಣಗಿಡಬೇಕು. 1982ರ ಲ್ಯಾಂಡ್‌ಸ್ಯಾಟ್-4 ಉಳಿದ ಬಣ್ಣಗಳಲ್ಲಿ ನೆಲವನ್ನು 30 ಮೀಟರ್ ಅಗಲದ ತುಣುಕುಗಳಾಗಿ ಬಿಡಿಸಿ ನೋಡುತ್ತಿದ್ದರೆ, ಶಾಖದಲ್ಲಿ 120 ಮೀಟರ್‌ ತುಣುಕುಗಳಿಗೇ ನಿಂತಿತು. ಲ್ಯಾಂಡ್‌ಸ್ಯಾಟ್-8ರ ಮೂಲ ಯೋಜನೆಯಲ್ಲಂತೂ ಶಾಖದ ಕ್ಯಾಮೆರಾವೇ ಇರಲಿಲ್ಲ! ಪಟ್ಟು ಹಿಡಿದವರು ಅಮೆರಿಕದ ಪಶ್ಚಿಮ ರಾಜ್ಯಗಳ ನೀರಿನ ಲೆಕ್ಕ ಇಡುವವರು. ನೀರುಂಡ ಬೆಳೆ ಬೆವರುತ್ತದೆ, ಬೆವರಿದ ಹೊಲ ತಂಪಾಗಿರುತ್ತದೆ. ಹಾಗಾಗಿ ಯಾರ ಹೊಲ ಎಷ್ಟು ನೀರು ಕುಡಿಯಿತೆಂಬುದು ಶಾಖದ ಚಿತ್ರದಿಂದ ತಿಳಿಯುತ್ತದೆ. ಕೊನೆಗೂ ಕ್ಯಾಮೆರಾ ಸೇರಿತು, 2013ರಲ್ಲಿ ಉಪಗ್ರಹ ಹಾರಿತು. ವಿಜ್ಞಾನಿಗಳ ವಾದಕ್ಕಿಂತ ಕಾಲುವೆ ನೀರಿನ ಜಗಳಕ್ಕೇ ತೂಕ ಹೆಚ್ಚು ಅನ್ನಿಸುತ್ತದೆ.

2022ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದ ನಾಸಾದ ಹೈಪರ್‌ಸ್ಪೆಕ್ಟ್ರಲ್ ಉಪಕರಣ ಎಮಿಟ್‌ನ ಕೆಲಸ ಮರುಭೂಮಿಯ ದೂಳಿನ ಖನಿಜ ಗುರುತಿಸುವುದು. ಅದರ ಎಳೆಗಳಲ್ಲಿ ಮೀಥೇನ್ ಹೀರಿಕೊಳ್ಳುವ ಬೆಳಕೂ ಇತ್ತು. ಕೆಲವೇ ತಿಂಗಳಲ್ಲಿ ತುರ್ಕ್‌ಮೆನಿಸ್ತಾನದ ಹಜಾರ್ ಬಂದರಿನ ಪೂರ್ವಕ್ಕೆ, ತೈಲ-ಅನಿಲ ಸ್ಥಾವರಗಳಿಂದ ಎದ್ದ ಹನ್ನೆರಡು ಮೀಥೇನ್ ಬಾಲಗಳು ಚಿತ್ರದಲ್ಲಿ ಮೂಡಿದವು. ಕೆಲವು 32 ಕಿಲೋಮೀಟರ್‌ಗೂ ಉದ್ದ.